ಹೆಬ್ಬಾಳ ಸಲೀಸಾಯ್ತು, ಈಗ ಮೇಖ್ರಿಯಲ್ಲಿ ನಿಲ್ತಿದೀವಿ. ಇನ್ನೊಂದು ಫ್ಲೈಓವರ್ ಕೇಳಬೇಕಾ?

ಗಂಗಾನಗರದವಳು

ನಮ್ಮ ಮನೆ ಬೆಂಗಳೂರಿನ ಗಂಗಾನಗರ, ಬಳ್ಳಾರಿ ರಸ್ತೆ ಪಕ್ಕ. 2025ರ ಆಗಸ್ಟ್‌ನಲ್ಲಿ ಹೆಬ್ಬಾಳದ ಹೊಸ ಲೂಪ್ (ಫ್ಲೈಓವರಿಗೆ ಸೇರಿಸಿದ ಹೊಸ ಸೇತುವೆ ದಾರಿ) ಬಿಟ್ಟಮೇಲೆ ನಾಗವಾರ ಕಡೆಯಿಂದ ಬರೋರಿಗೆ ಅಲ್ಲಿ ದಾಟೋದು ಸಲೀಸಾಗಿದೆ, ಒಪ್ಪಬೇಕು. ಆದರೆ ಅಲ್ಲಿ ಉಳಿದ ಹೊತ್ತೆಲ್ಲ ನಮ್ಮ ಮನೆ ಮುಂದೆ ಹೋಗ್ತಿದೆ. ಬೆಳಿಗ್ಗೆ ಎಂಟೂವರೆಗೆ ವೆಟರ್ನರಿ ಕಾಲೇಜಿಂದ ಮೇಖ್ರಿ ಸರ್ಕಲ್ ತನಕ ಗಾಡಿಗಳು ತೆವಳ್ತಿರ್ತವೆ. ಅಮ್ಮನನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋ ದಿನ ಹೊರಡೋಕೇ ಭಯ ಆಗುತ್ತೆ.

ಬಡಾವಣೆಯ ವಾಟ್ಸಾಪ್ ಗ್ರೂಪಲ್ಲಿ ಈಗ ಸಹಿ ಸಂಗ್ರಹ ನಡೀತಿದೆ. ಚಾಲುಕ್ಯ ಸರ್ಕಲ್ ತನಕ ಮೇಲ್ಸೇತುವೆ ಬೇಕು ಅಂತ. 2016ರಲ್ಲಿ ಇದೇ ದಾರಿಯಲ್ಲಿ 6.7 ಕಿ.ಮೀ. ಸ್ಟೀಲ್ ಫ್ಲೈಓವರ್ ಬೇಡ ಅಂತ ಮಾನವ ಸರಪಳಿ ಮಾಡಿದಾಗ ನಾನೂ ಕೈ ಹಿಡಿದು ನಿಂತಿದ್ದೆ. ಎಂಟುನೂರಕ್ಕೂ ಹೆಚ್ಚು ಮರ ಹೋಗೋದಿತ್ತು. 2017ರ ಮಾರ್ಚಲ್ಲಿ ಸರ್ಕಾರ ಕೈಬಿಡ್ತು. "ಅವತ್ತು ನೀವು ತಡೆದಿದ್ದಕ್ಕೇ ಇವತ್ತು ಈ ಗತಿ" ಅಂತ ಪಕ್ಕದ ಮನೆಯವರು ಮುಖಕ್ಕೇ ಹೇಳ್ತಾರೆ. ದಿನಾ ರಸ್ತೆ ಮೇಲಿರೋರು, ಈ ಕೆಲಸ ಬಲ್ಲೋರು ಹೇಳಿ, ಸಹಿ ಹಾಕ್ಲಾ ಬೇಡ್ವಾ?

500ಡಿ ಡ್ರೈವರ್

ನಾನು ರಿಂಗ್ ರೋಡಲ್ಲಿ ಬಸ್ ಓಡಿಸ್ತೀನಿ, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್. ಅದಕ್ಕೆ ಮುಂಚೆ ಮೆಜೆಸ್ಟಿಕ್–ಯಲಹಂಕ ರೂಟಲ್ಲಿದ್ದೆ, ನಿಮ್ಮ ಮನೆ ಮುಂದಿನ ರಸ್ತೆಯ ಒಂದೊಂದು ಗುಂಡಿಯೂ ಗೊತ್ತು.

ಸಹಿ ಹಾಕಬೇಡಿ ಮೇಡಂ. ಜನ ಫ್ಲೈಓವರ್ ಎಲ್ಲಿ ಹತ್ತುತ್ತೆ ಅಂತ ನೋಡ್ತಾರೆ, ನಮಗೆ ಬೇಕಾಗೋದು ಅದು ಎಲ್ಲಿ ಇಳಿಯುತ್ತೆ ಅನ್ನೋದು. ಹೆಬ್ಬಾಳದ ಹಳೇ ಫ್ಲೈಓವರ್ ಕಟ್ಟಿದಾಗ ದೇವನಹಳ್ಳಿ ಏರ್‌ಪೋರ್ಟ್ ಇರಲಿಲ್ಲ, ಅದು ಶುರುವಾಗಿದ್ದು 2008ರಲ್ಲಿ. ಆಮೇಲೆ ಏರ್‌ಪೋರ್ಟ್ ಟ್ಯಾಕ್ಸಿ, ಯಲಹಂಕದ ಬಸ್ಸು, ಕೆ.ಆರ್. ಪುರ ಕಡೆಯ ಕಾರು ಎಲ್ಲಾ ಒಂದೇ ಇಳಿಜಾರಲ್ಲಿ ಬಂದು ಸೇರ್ತಿದ್ವು. ಯಲಹಂಕದಿಂದ ಬಂದ ಬಸ್ಸು ಮುಂದಿನ ಸ್ಟಾಪಿಗೋಸ್ಕರ ಎಡಕ್ಕೆ ಬರಲೇಬೇಕು. ರ‍್ಯಾಂಪಿಂದ ಬಂದ ಕಾರಿಗೆ ಬಲಕ್ಕೆ ಹೋಗಬೇಕು. ಇಬ್ಬರಿಗೂ ಇರೋ ಜಾಗ ಅಷ್ಟೇ. ಹನ್ನೆರಡು ಮೀಟರ್ ಬಸ್ಸು, ಎಡಗಡೆ ಕನ್ನಡಿ ತುಂಬಾ ಬೈಕುಗಳು. ಕಂಡಕ್ಟರ್ ಫುಟ್‌ಬೋರ್ಡಲ್ಲಿ ನಿಂತು ಕೈ ಹೊರಗೆ ಚಾಚಿ ಬಾಡಿ ತಟ್ಟುತ್ತಾ "ಬರ್ಲಿ, ಬರ್ಲಿ, ಹೋಲ್ಡ್" ಅಂತ ಕೂಗ್ತಿದ್ರೆ ಮಾತ್ರ ನಾನು ಸ್ಟೇರಿಂಗ್ ತಿರುಗಿಸ್ತಿದ್ದೆ. ಹೊಸ ಲೂಪಿಂದ ಆ ಗಂಟು ಸ್ವಲ್ಪ ಸಡಿಲ ಆಗಿದೆ. ಹೋಗಿದ್ದೆಲ್ಲಿಗೆ? ನಿಮ್ಮನೆ ಮುಂದಕ್ಕೆ. ಗಾಡಿ ಕಡಿಮೆ ಆಗಿಲ್ಲ, ಬೇಗ ಬಂದು ನಿಲ್ತಿವೆ.

ಚಾಲುಕ್ಯ ಸರ್ಕಲಲ್ಲಿ ಇಳಿಸಿದ್ರೆ ಆಮೇಲೆ? ಅರಮನೆ ರಸ್ತೆ, ರೇಸ್ ಕೋರ್ಸ್ ರಸ್ತೆ, ವಿಧಾನಸೌಧದ ಕಡೆ. ಇದ್ರಲ್ಲಿ ಯಾವುದನ್ನ ಅಗಲ ಮಾಡ್ತಾರೆ?

ಇನ್ನೊಂದು ವಿಷಯ ಹೇಳಲೇಬೇಕು, ಯಾರೂ ಕೇಳಲ್ಲ. ಫ್ಲೈಓವರ್ ನಕ್ಷೆಯಲ್ಲಿ ಬಸ್ ಸ್ಟಾಪ್ ಎಲ್ಲಿರುತ್ತೆ? ಸಂಜೆ ಆರೂವರೆಗೆ ಹೆಬ್ಬಾಳದ ಸೇತುವೆ ಕೆಳಗೆ ಬಂದು ನೋಡಿ. ಫುಟ್‌ಪಾತ್ ಪಕ್ಕ ಆಟೋ, ಅದರಾಚೆ ಜನ, ಜನರಾಚೆ ನನ್ನ ಬಸ್ಸು. ಚೀಲ ಹಿಡಿದ ಅಜ್ಜಿ ಇಳಿಯೋದು ನಡು ರಸ್ತೆಗೆ. ಬಾಗಿಲು ತೆಗೆಯೋ ಮುಂಚೆ ಹಿಂದಿಂದ ಬೈಕ್ ನುಗ್ಗುತ್ತಾ ಅಂತ ಕನ್ನಡಿ ನೋಡ್ತೀನಿ, ಆಮೇಲೂ ಎದೆ ಡವಡವ. ಬಸ್ಸಿನ ಬಾಲ ಮೇನ್ ರೋಡಲ್ಲೇ ಇರುತ್ತೆ, ಹಿಂದಿನವರೆಲ್ಲ ಹಾರ್ನ್ ಹೊಡೀತಾರೆ. ಅರವತ್ತು ಜನರನ್ನ ಇಳಿಸೋಕೆ ಜಾಗ ಇಡದೇ ಕಟ್ಟಿದ ಸೇತುವೆಗೆ ನಾನು ಹೇಗೆ ಹೂಂ ಅನ್ನಲಿ?

ಸಿವಿಲ್ ಕೆಲಸದವನು

ಮೇಲಿನವರು ಇಳಿಯೋ ಜಾಗದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಅದರ ಲೆಕ್ಕ ಹೇಳ್ತೀನಿ. ತಡೆಯಿಲ್ಲದ ಒಂದು ಲೇನಲ್ಲಿ ಗಂಟೆಗೆ ಸುಮಾರು 1,800 ಕಾರು ಹೋಗಬಹುದು. ಸಿಗ್ನಲ್‌ನಲ್ಲಿ ಅರ್ಧ ಹೊತ್ತು ಹಸಿರು ಅಂದ್ರೆ ಸುಮಾರು 900. ಒಂದು ಸಿಗ್ನಲ್ ತೆಗೆದು ಸೇತುವೆ ಹಾಕಿದ್ರೆ ಮುಂದಿನ ಸಿಗ್ನಲ್‌ಗೆ 1,800 ಬಂದು ಬೀಳುತ್ತೆ, ಅದು ಬಿಡೋದು ಅದೇ 900. ಹೊಸೂರು ರಸ್ತೆಯ ಸುಮಾರು ಹತ್ತು ಕಿ.ಮೀ. ಎಲಿವೇಟೆಡ್ ರಸ್ತೆ 2010ರಿಂದ ಇದೆ, ಮೇಲೆ ಹಾರಿಕೊಂಡು ಬರ್ತೀರ, ಸಿಲ್ಕ್ ಬೋರ್ಡ್ ಹತ್ರ ಇಳಿದು ನಿಲ್ತೀರ.

ಆದ್ರೆ ಫ್ಲೈಓವರೆಲ್ಲಾ ದಂಡ ಅಂತ ನಾನು ಒಪ್ಪಲ್ಲ. ಹೆಬ್ಬಾಳದಲ್ಲಿ ಕೆಳಗೆ ರೈಲು ಹಳಿ ಇದೆ, ಅದನ್ನ ದಾಟೋಕೆ ಸೇತುವೆ ಬೇಕೇಬೇಕು. ರೈಲ್ವೆ ಗೇಟ್ ಇರೋ ಕಡೆ, ಎರಡು ಹೆದ್ದಾರಿ ಅಡ್ಡ ಹಾಯೋ ಕಡೆ ಕಟ್ಟಲಿ. ಊರೊಳಗೆ ಸಿಗ್ನಲ್ ಸಾಲಿನ ಮೇಲೆ ಕಟ್ಟೋದು ಬೇರೆ ಮಾತು. ರಸ್ತೆ ಸಲೀಸಾದಷ್ಟೂ ಜನ ಹೆಚ್ಚು ಗಾಡಿ ತೆಗೀತಾರೆ ಅಂತ 1962ರಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ ಬರೆದಿದ್ರು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಅನ್ನೋ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿ ಹಿಡಿದು, ಹೆದ್ದಾರಿ ಎಷ್ಟು ಬೆಳೆಯುತ್ತೋ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತೆ ಅಂತ ತೋರಿಸಿದ್ರು.

ಕಟ್ಟಿದ್ದನ್ನ ನೋಡ್ಕೊಳ್ಳೋದೂ ಇದೆ. ಪೀಣ್ಯ ಫ್ಲೈಓವರ್‌ನ ಒಳಗಿನ ಕೇಬಲ್ ಕೈಕೊಟ್ಟು 2021ರ ಡಿಸೆಂಬರ್‌ನಲ್ಲಿ ಮುಚ್ಚಿದ್ರು. ಕಾರು ಬೈಕು ಬೇಗ ಬಿಟ್ರು, ಭಾರಿ ವಾಹನಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಳಗೇ ಓಡಾಡಿದ್ವು. ಜಯದೇವ ಫ್ಲೈಓವರನ್ನ 2020ರಲ್ಲಿ ಮೆಟ್ರೋಗೋಸ್ಕರ ಒಡೆದೇ ಹಾಕಿದ್ರು. ಹೆಬ್ಬಾಳದ ಮೂಲಕವೇ ಹೋಗೋ ಉಪನಗರ ರೈಲಿನ ಮಲ್ಲಿಗೆ ಮಾರ್ಗವನ್ನ ಬೇಗ ಮುಗಿಸಿ ಅಂತ ಕೇಳಿದ್ರೆ ನಿಮ್ಮ ಸಹಿಗೆ ಬೆಲೆ ಬರುತ್ತೆ.

80 ಅಡಿ ರಸ್ತೆ ಟೈಲರ್

ಅಕ್ಕಾ, ಕೋರಮಂಗಲದಿಂದ ಬರೀತಿದೀನಿ. ಈಜಿಪುರದಿಂದ ಕೇಂದ್ರೀಯ ಸದನದ ತನಕ ಎರಡೂವರೆ ಕಿ.ಮೀ. ಸೇತುವೆ 2017ರಲ್ಲಿ ಶುರುವಾಯ್ತು. 2022ರಲ್ಲಿ ಗುತ್ತಿಗೆ ರದ್ದು, 2023ರ ಕೊನೆಗೆ ಮತ್ತೆ ಕೆಲಸ. ನಡುವೆ ನನ್ನ ಅಂಗಡಿ ಎದುರಿನ ಕಂಬದ ಮೇಲಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಯ್ತು. ಬ್ಲೌಸ್ ಕೊಡೋಕೆ ಬರೋ ಹೆಂಗಸರಿಗೆ ಸ್ಕೂಟರ್ ನಿಲ್ಲಿಸೋಕೆ ಜಾಗ ಇಲ್ಲ, ಧೂಳಿಗೆ ಬಿಳಿ ಬಟ್ಟೆ ಹೊರಗೆ ತೂಗುಹಾಕೋ ಹಾಗಿಲ್ಲ. ಹೊಲಿಯೋ ಹುಡುಗನನ್ನ ಬಿಡಬೇಕಾಯ್ತು, ಒಳ್ಳೇ ಕೈ ಅವನದು. ಅರ್ಜಿಯಲ್ಲಿ ಏನೇ ಕೇಳಿ, ಮುಗಿಸೋ ತಾರೀಖು ಕೇಳಿ, ಅಲ್ಲಿ ತನಕ ಕೆಳಗಿರೋರು ಹೇಗೆ ಬದುಕಬೇಕು ಅಂತಾನೂ ಕೇಳಿ.

ಗಂಗಾನಗರದವಳು

ಎಲ್ಲರಿಗೂ ಧನ್ಯವಾದ. ಸಹಿ ಹಾಕಲ್ಲ. ಆದರೆ ಗ್ರೂಪಲ್ಲಿ ಬರೀ "ಬೇಡ" ಅಂದ್ರೆ 2016ರ ಮಾತೇ ಮತ್ತೆ ಬರುತ್ತೆ. ಡ್ರೈವರ್ ಸರ್, ಈ ರಸ್ತೆಗೆ ನೀವಾಗಿದ್ರೆ ಏನು ಕೇಳ್ತಿದ್ರಿ?

500ಡಿ ಡ್ರೈವರ್

ಬಸ್ ಲೇನ್. 2019ರಲ್ಲಿ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್ ತನಕ ಎಡಗಡೆ ಬೊಲಾರ್ಡ್ (ಲೇನ್ ಬೇರೆ ಮಾಡೋ ಗಿಡ್ಡ ಕಂಬ) ನೆಟ್ಟು ಮಾಡಿದ್ರು. ಮಾರತ್ತಹಳ್ಳಿಯಲ್ಲಿ ಕಾರುಗಳ ಸಾಲು ನಿಂತಿರುವಾಗ ಪಕ್ಕದಲ್ಲೇ ಮೂರನೇ ಗೇರಲ್ಲಿ ಹೋಗ್ತಿದ್ದೆ, ನನ್ನ ಸರ್ವೀಸಲ್ಲಿ ಅಂಥ ದಿನ ನೋಡಿರಲಿಲ್ಲ. ಕಾರಲ್ಲಿದ್ದೋರು ಕಿಟಕಿಯಿಂದ ಬಸ್ಸನ್ನೇ ನೋಡ್ತಿದ್ರು. ಆಮೇಲೆ ಕೊರೊನಾ ಬಂತು, ಬೊಲಾರ್ಡ್ ಮುರಿದ್ವು, ಮೆಟ್ರೋ ಕೆಲಸಕ್ಕೆ ರಸ್ತೆ ಹೋಯ್ತು, ಯಾರೂ ಮತ್ತೆ ಕೇಳಲಿಲ್ಲ.

ಬಳ್ಳಾರಿ ರಸ್ತೆಯಲ್ಲಿ ಮೆಜೆಸ್ಟಿಕ್ ಬಸ್ಸು, ಯಲಹಂಕ ಬಸ್ಸು, ಏರ್‌ಪೋರ್ಟಿನ ವಾಯು ವಜ್ರ ಎಲ್ಲಾ ಓಡ್ತವೆ. ಹೆಬ್ಬಾಳದಿಂದ ಮೇಖ್ರಿ ತನಕ ಬೆಳಿಗ್ಗೆ ಸಂಜೆ ಎಡಗಡೆ ಒಂದು ಲೇನ್ ಬಸ್ಸಿಗೆ ಕೊಡಿ ಅಂತ ಬರೀರಿ. ಆಂಬುಲೆನ್ಸೂ ಅದರಲ್ಲೇ ಬರಲಿ, ನಿಮ್ಮ ತಾಯಿಯಂಥೋರಿಗೆ ತುರ್ತು ಬಂದಾಗ ದಾರಿ ಇರುತ್ತೆ. ಹೆಬ್ಬಾಳದ ಸ್ಟಾಪ್‌ಗೆ ಮೂರು ಬಸ್ ಒಟ್ಟಿಗೆ ನಿಲ್ಲೋ ಉದ್ದದ ಬಸ್ ಬೇ (ಮೇನ್ ರೋಡಿಂದ ಪಕ್ಕಕ್ಕೆ ಸರಿದು ನಿಲ್ಲೋ ಜಾಗ) ಕೇಳಿ, ಆಟೋಗೆ ಬೇರೆ ಜಾಗ ಕೇಳಿ. ಕಲ್ಲು ಸಿಮೆಂಟಿನ ಕೆಲಸ ಕಮ್ಮಿ, ಬೇಗ ಆಗುತ್ತೆ. ಗ್ರೂಪಲ್ಲಿ ಯಾರಾದ್ರೂ ನಂಬದಿದ್ರೆ ಸಂಜೆ ಹೆಬ್ಬಾಳದ ಸ್ಟಾಪಿಗೆ ಕರ್ಕೊಂಡು ಬನ್ನಿ. ಅರ್ಜಿ ಪ್ರತಿ ನನಗೂ ಕಳಿಸಿ, ಡಿಪೋದಲ್ಲಿ ನಮ್ಮವರ ಸಹಿ ನಾನು ಹಾಕಿಸಿಕೊಡ್ತೀನಿ.