ಗೋಡೆ ಜರ್ಮನ್ ಭಾಷೆಯನ್ನೂ ಒಡೆದಿತ್ತೇ?

ಪ್ರಶ್ನೆ

ನಾನು ಎರಡು ವರ್ಷಗಳಿಂದ ಜರ್ಮನ್ ಕಲಿಯುತ್ತಿದ್ದೇನೆ. ಹಳೆಯ ಪುಸ್ತಕಗಳ ಅಂಗಡಿಯಲ್ಲಿ, ಆಗಿನ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅಚ್ಚಾದ ಒಂದು ಪಠ್ಯಪುಸ್ತಕ ಸಿಕ್ಕಿತು. ನಮ್ಮ ತರಗತಿಯಲ್ಲಿ ‘ಪ್ಲಾಸ್ಟಿಕ್’ ಎಂದು ಕಲಿತದ್ದು ಅದರಲ್ಲಿ ‘ಪ್ಲಾಸ್ಟೆ’ ಆಗಿದೆ. ಗಗನಯಾತ್ರಿ ‘ಆಸ್ಟ್ರೊನೌಟ್’ ಅಲ್ಲ, ‘ಕೊಸ್ಮೊನೌಟ್’. 1949ರಿಂದ 1990ರವರೆಗೆ ಜರ್ಮನಿ ಸಮಾಜವಾದಿ ಪೂರ್ವ ಮತ್ತು ಪಶ್ಚಿಮ ಎಂದು ಎರಡು ರಾಷ್ಟ್ರಗಳಾಗಿದ್ದುದರಿಂದ ಭಾಷೆಯೂ ಎರಡಾಗಿತ್ತೇ? ಈ ಪುಸ್ತಕವನ್ನು ನಂಬಿ ಕಲಿಯಬಹುದೇ?

ಉತ್ತರ 1

ವ್ಯಾಕರಣ ಒಡೆಯಲಿಲ್ಲ, ಉಚ್ಚಾರಣೆಯೂ ಒಡೆಯಲಿಲ್ಲ. ಬೇರೆಯಾದದ್ದು ಪದಸಂಪತ್ತು, ಅದರಲ್ಲೂ ಆಡಳಿತ, ಕಾರ್ಖಾನೆ, ಶಾಲೆ, ಅಂಗಡಿಗಳ ಪದಗಳು. ಹೊಸ ವ್ಯವಸ್ಥೆ ಬಂದ ಕಡೆ ಹೊಸ ಹೆಸರುಗಳೂ ಬೇಕಾಗುತ್ತವೆ. ಪೂರ್ವದಲ್ಲಿ ಕೆಲಸಗಾರರ ತಂಡ ‘ಬ್ರಿಗಾಡೆ’ ಆಯಿತು, ದಿನಸಿ ಅಂಗಡಿ ‘ಕೌಫ್‌ಹಾಲೆ’ ಆಯಿತು, ಊರಾಚೆಯ ತೋಟದ ಮನೆಗೆ ರಷ್ಯನ್ನಿನಿಂದ ‘ದಾತ್ಷೆ’ ಬಂತು. 1961ರಲ್ಲಿ ಎದ್ದ ಬರ್ಲಿನ್ ಗೋಡೆಯನ್ನು ಸರ್ಕಾರ ‘ಫ್ಯಾಸಿಸಂ ವಿರೋಧಿ ರಕ್ಷಣಾ ಗೋಡೆ’ ಎಂದು ಕರೆಯಿತು.

ದೂಡೆನ್ ನಿಘಂಟಿನ ಕಥೆಯನ್ನು ಗಮನಿಸಿ. ಜರ್ಮನ್ ಕಾಗುಣಿತಕ್ಕೆ ಪ್ರಮಾಣವೆನಿಸಿದ್ದ ಆ ಪುಸ್ತಕ 1950ರ ದಶಕದಲ್ಲಿ ಲೈಪ್‌ಜಿಗ್‌ನಿಂದ ಒಂದು, ಪಶ್ಚಿಮದಿಂದ ಇನ್ನೊಂದು ಎಂದು ಕವಲೊಡೆದು, 1991ರಲ್ಲಷ್ಟೇ ಮತ್ತೆ ಒಂದಾಯಿತು. ಆದರೂ ಕಾಗುಣಿತದ ನಿಯಮಗಳು ಎರಡರಲ್ಲೂ ಬಹುಮಟ್ಟಿಗೆ ಒಂದೇ ಆಗಿದ್ದವು. ಒಂದಾಗಿದ್ದ ಭಾಷೆಯೂ ಕರಗುತ್ತಿದೆ ಎಂದು ಪೂರ್ವದ ನಾಯಕ ವಾಲ್ಟರ್ ಉಲ್ಬ್ರಿಶ್ಟ್ 1970ರಲ್ಲಿ ಸಾರಿದ್ದು ಭಾಷೆಯ ಸ್ಥಿತಿಗಿಂತ ಸರ್ಕಾರದ ಇಚ್ಛೆಯನ್ನೇ ಹೆಚ್ಚು ತೋರಿಸುತ್ತದೆ. ಅಲ್ಲಿನ ರಾಷ್ಟ್ರಗೀತೆಯಲ್ಲಿ ಜರ್ಮನಿಯನ್ನು ಅಖಂಡ ತಾಯ್ನಾಡೆಂದು ಕರೆದಿದ್ದ ಕಾರಣ, 1970ರ ದಶಕದ ಆರಂಭದಿಂದ ಅದರ ಸಾಹಿತ್ಯವನ್ನು ಹಾಡುವುದನ್ನೇ ಬಿಟ್ಟು ಬರೀ ರಾಗ ನುಡಿಸತೊಡಗಿದರು. ಅದೇ ಹೊತ್ತಿನಲ್ಲಿ ಪಶ್ಚಿಮದ ಪ್ರಸಾರ ತಲುಪದ ಡ್ರೆಸ್ಡೆನ್ ಸುತ್ತಮುತ್ತಲಿನಂತಹ ಕೆಲವು ಪ್ರದೇಶಗಳನ್ನು ಬಿಟ್ಟರೆ ಪೂರ್ವದ ಹೆಚ್ಚಿನ ಮನೆಗಳಲ್ಲಿ ಸಂಜೆ ಪಶ್ಚಿಮದ ಟಿವಿ ನಡೆಯುತ್ತಿತ್ತು. ಹೀಗಿರುವಾಗ ಭಾಷೆ ಎರಡಾಗುವುದು ಹೇಗೆ?

ಉತ್ತರ 2

ಒಂಬತ್ತು ವರ್ಷಗಳಿಂದ ಲೈಪ್‌ಜಿಗ್‌ನಲ್ಲಿದ್ದೇನೆ. ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ನನ್ನ ಪ್ರಕಾರ ದೊಡ್ಡ ಬದಲಾವಣೆ ನಡೆದದ್ದು ವಿಭಜನೆಯ ಕಾಲದಲ್ಲಲ್ಲ, ಏಕೀಕರಣದ ನಂತರ. 1990ರ ಅಕ್ಟೋಬರ್ 3ರ ಬಳಿಕ ಪೂರ್ವದವರು ತೆರಿಗೆ, ವಿಮೆ, ನಿರುದ್ಯೋಗ ಭತ್ಯೆ, ಬಾಡಿಗೆ ಕರಾರು ಎಲ್ಲದಕ್ಕೂ ಪಶ್ಚಿಮದ ಪದಗಳನ್ನು ಕಲಿಯಬೇಕಾಯಿತು. ಪಶ್ಚಿಮದವರು ಒಂದು ಪದವನ್ನೂ ಕಲಿಯಬೇಕಾಗಲಿಲ್ಲ. ನಮ್ಮ ಕೆಳಮನೆಯ ಅಜ್ಜಿ, ಆಗ ಬಂದ ಮೊದಲ ವಿಮೆ ಪತ್ರವನ್ನು ಮೂರು ಸಲ ಓದಿಯೂ ತಿಳಿಯದೆ, ಸ್ವಂತ ಭಾಷೆಯಲ್ಲೇ ಹೊರಗಿನವಳಾದೆನಲ್ಲ ಎಂದು ಅತ್ತದ್ದನ್ನು ನನಗೆ ಹೇಳಿದ್ದಾರೆ. ಆ ಮಾತು ಕೇಳಿದಾಗ ನನ್ನ ಹೊಟ್ಟೆ ಚುರುಕ್ ಎಂದಿತು.

ಸಂಸ್ಥೆಗಳ ಪದಗಳು ಸಂಸ್ಥೆಗಳೊಂದಿಗೇ ಹೋದವು, ಮನೆಮಾತಿನವು ಉಳಿದವು. ನಮ್ಮ ಬೀದಿಯ ಸಂತೆಯಲ್ಲಿ ಸುಟ್ಟ ಕೋಳಿ ಮಾರುವವನ ಹಲಗೆಯ ಮೇಲೆ ಇಂದಿಗೂ ಸೀಮೆಸುಣ್ಣದಲ್ಲಿ ‘ಬ್ರೊಯ್ಲರ್’ ಎಂದೇ ಬರೆದಿರುತ್ತದೆ. ಪಶ್ಚಿಮದವರು ಅದಕ್ಕೆ ‘ಹೆನ್‌ಶೆನ್’ ಎನ್ನುತ್ತಾರೆ. ಮೂರು ಕೋಣೆಗಳ ಮನೆಯ ಜಾಹೀರಾತಿನಲ್ಲಿ ಕೋಣೆಗೆ ‘ತ್ಸಿಮರ್’ ಬದಲು ‘ರೌಮ್’ ಎಂದಿರುವುದನ್ನು ಇಲ್ಲಿ ದಿನವೂ ನೋಡುತ್ತೇನೆ. ಅಜ್ಜಿಯ ಮೊಮ್ಮಗ ಹುಟ್ಟಿದ್ದು ಗೋಡೆ ಬಿದ್ದು ಹತ್ತು ವರ್ಷಗಳಾದ ಮೇಲೆ. ಆದರೂ ಅವನು ‘ಪ್ಲಾಸ್ಟೆ’ ಎನ್ನುತ್ತಾನೆ, ಬೇಕೆಂದೇ ಎನ್ನುತ್ತಾನೆ. ಗೋಡೆಯಿದ್ದಾಗ ಅದು ಬರೀ ಪದವಾಗಿತ್ತು, ಈಗ ಅದು ಗುರುತು. ‘ಒಸ್ಸಿ’ (ಪೂರ್ವದವ), ‘ವೆಸ್ಸಿ’ (ಪಶ್ಚಿಮದವ) ಎಂಬ ಅಡ್ಡಹೆಸರುಗಳು ಬಿಸಿಯೇರಿದ್ದೂ ಏಕೀಕರಣದ ನಂತರವೇ. ಎಲ್ಲ ಬಲ್ಲೆನೆನ್ನುವ ಪಶ್ಚಿಮದವನಿಗೆ ಹುಟ್ಟಿದ ‘ಬೆಸ್ಸರ್‌ವೆಸ್ಸಿ’ 1991ರಲ್ಲಿ ವರ್ಷದ ಪದವೆಂದು ಆಯ್ಕೆಯಾಯಿತು.

ಉತ್ತರ 3

ಒಂದು ಎಚ್ಚರಿಕೆ ಸೇರಿಸುತ್ತೇನೆ. ಎಲ್ಲ ವ್ಯತ್ಯಾಸವನ್ನೂ ಗೋಡೆಯ ತಲೆಗೆ ಕಟ್ಟಬೇಡಿ. ಎರಡೂಕಾಲು ಗಂಟೆಗೆ ಪೂರ್ವದಲ್ಲಿ ‘ಫಿರ್ಟೆಲ್ ಡ್ರೈ’, ಅಂದರೆ ‘ಮೂರರ ಕಾಲು’ ಎನ್ನುವುದನ್ನು ಹಲವರು ಸಮಾಜವಾದದ ಕುರುಹೆಂದು ಭಾವಿಸುತ್ತಾರೆ. ಆದರೆ ಪಶ್ಚಿಮದಲ್ಲೇ ಇದ್ದ ಶ್ವಾಬಿಯಾದವರೂ ಹಾಗೆಯೇ ಹೇಳುತ್ತಾರೆ. ಶನಿವಾರಕ್ಕೆ ‘ಝೋನ್‌ಆಬೆಂಡ್’ ಎನ್ನುವುದು ಪಶ್ಚಿಮದ ಹ್ಯಾಂಬರ್ಗ್ ಕಡೆಯೂ ಉಂಟು. ಇವು 1949ಕ್ಕಿಂತ ಬಹಳ ಹಿಂದಿನ ಪ್ರಾದೇಶಿಕ ಗಡಿಗಳು.

ಪುಸ್ತಕವನ್ನು ಧೈರ್ಯವಾಗಿ ಓದಿ; ಅದರ ವ್ಯಾಕರಣದಲ್ಲಿ ಬಿಡಬೇಕಾದದ್ದೇನೂ ಇಲ್ಲ. ಆದರೆ ಮ್ಯೂನಿಕ್‌ನ ಹೋಟೆಲಿನಲ್ಲಿ ‘ಬ್ರೊಯ್ಲರ್’ ಕೇಳಿದರೆ ನೀವು ಭಾಷೆ ಕಲಿತದ್ದು ಎಲ್ಲಿ ಎಂದು ಖಂಡಿತ ವಿಚಾರಿಸುತ್ತಾರೆ.