ಓದುಗರ ಸ್ಪಂದನ: ಗುಜರಿಗೆ ಕೊಡಲೇ, ಇಟ್ಟುಕೊಳ್ಳಲೇ?

ಸಾಗರದ ಬಸ್ ನಿಲ್ದಾಣದ ಬಳಿ 1996ರಿಂದ ವಿಡಿಯೋ ಗೇಮ್ ಪಾರ್ಲರ್ ನಡೆಸುತ್ತಿರುವ ಓದುಗರೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಒಂಬತ್ತು ಯಂತ್ರಗಳಲ್ಲಿ ಉಳಿದಿರುವುದು ಎರಡು. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕುತ್ತೇನೆಂದು ಮಗ ಹೇಳುತ್ತಿದ್ದಾನೆ, ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾನೆ, ಕೊಡಲು ಮನಸ್ಸಾಗುತ್ತಿಲ್ಲ, ಏನು ಮಾಡಲಿ ಎಂದು ಅವರು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ. ಮೊದಲ ಪತ್ರವನ್ನು ಮೊಟಕುಗೊಳಿಸಲು ನಮಗೆ ಕೈ ಬರಲಿಲ್ಲ.

ಅಣ್ಣ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮದಲ್ಲ, ತೀರ್ಥಹಳ್ಳಿಯ ಇನ್ನೊಂದು ಪಾರ್ಲರ್ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ. 1998ರ ಮಳೆಗಾಲ. ನನಗೆ ಹದಿನಾರು, ತಮ್ಮನಿಗೆ ಹದಿಮೂರು. ಬಾಗಿಲಿಗೆ ನೀಲಿ ಪರದೆ, ಒಳಗೆ ಒದ್ದೆ ಗೋಣಿಚೀಲದ ವಾಸನೆಯ ಜೊತೆ ಊದುಬತ್ತಿಯ ಹೊಗೆ. ಮುಂದಿನ ಸರದಿ ತನ್ನದು ಎಂದು ತೋರಿಸಲು ಹುಡುಗರು ಯಂತ್ರದ ಪರದೆಯ ಗಾಜಿನ ಅಂಚಿಗೆ ಒಂದು ರೂಪಾಯಿ ನಾಣ್ಯ ಇಟ್ಟು ನಿಲ್ಲುತ್ತಿದ್ದರು. ತಮ್ಮ ಆಡುತ್ತಿದ್ದುದು ಎಲ್ಲರೂ ‘ಮುಸ್ತಫಾ’ ಎನ್ನುತ್ತಿದ್ದ ಆಟ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂಬುದು ಅದರ ನಿಜವಾದ ಹೆಸರೆಂದು ನನಗೆ ತಿಳಿದದ್ದು ಮೊನ್ನೆ ಮೊನ್ನೆ. ಆಟದಲ್ಲಿ ಹಳದಿ ಟೋಪಿಯ ಮುಸ್ತಫಾನನ್ನು ಬಿಟ್ಟು ಬೇರೆ ಯಾರನ್ನೂ ಅವನು ಆರಿಸಿಕೊಳ್ಳುತ್ತಿರಲಿಲ್ಲ.

ಅವನು ಅಲ್ಲಿದ್ದಾನೆ ಎಂದು ಅಪ್ಪನಿಗೆ ಹೇಳಿದವಳು ನಾನೇ. ಅಡಿಕೆ ಮಂಡಿಯಿಂದ ಅಪ್ಪ ನೇರವಾಗಿ ಅಲ್ಲಿಗೆ ಹೋದರು, ನಾನು ಹಿಂದೆ ಓಡಿದೆ. ಹೊಡೆಯಲಿಲ್ಲ. ಎಲ್ಲರೆದುರು ತಮ್ಮನ ಚಡ್ಡಿಯ ಜೇಬನ್ನು ಹೊರಕ್ಕೆ ಎಳೆದು, ಬಿದ್ದ ಮೂರು ನಾಣ್ಯ ತೋರಿಸಿ, “ನಮ್ಮ ಮನೆಯಲ್ಲೇ ಕಳ್ಳ ಹುಟ್ಟಿದ್ದಾನೆ” ಎಂದರು. ಅದು ಕದ್ದ ದುಡ್ಡಲ್ಲ. ತೋಟದಲ್ಲಿ ಉದುರಿದ ಹಣ್ಣಡಿಕೆ ಆಯ್ದು ಮಾರಿಕೋ ಎಂದು ಅಜ್ಜಿಯೇ ಅವನಿಗೆ ಹೇಳಿದ್ದರು. ಆ ಮಾತು ನಡೆದಾಗ ನಾನು ಪಕ್ಕದಲ್ಲೇ ಇದ್ದೆ. ಪಾರ್ಲರಿನಲ್ಲಿಯೂ ಇದ್ದೆ, ಬಾಯಿ ಬಿಡಲಿಲ್ಲ. ಜೇಬು ಹಾಗೇ ಹೊರಗೆ ನೇತಾಡುತ್ತಿತ್ತು. ಅದನ್ನು ಒಳಗೆ ಹಾಕಿಕೊಳ್ಳದೆಯೇ ಅವನು ಮನೆಯವರೆಗೂ ನಡೆದ.

ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋದವನು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಮಾರಬೇಡಿ ಎನ್ನಲು ನಾನು ಯಾರೂ ಅಲ್ಲ. ಆದರೆ ಈ ದೀಪಾವಳಿಗೆ ಬರುತ್ತೇನೆಂದು ತಮ್ಮ ಹೇಳಿದ್ದಾನೆ. ಹೋದ ವರ್ಷವೂ ಹೇಳಿದ್ದ. ಅಲ್ಲಿಯವರೆಗೆ ಒಂದು ಯಂತ್ರವನ್ನು ಇಟ್ಟಿರುತ್ತೀರಾ? ಅವನನ್ನು ನಾನೇ ಕರೆದುಕೊಂಡು ಬರುತ್ತೇನೆ.
– ಒಬ್ಬ ಅಕ್ಕ, ತೀರ್ಥಹಳ್ಳಿ

ಮಕ್ಕಳ ಚಿಲ್ಲರೆ ತಿಂದ ಪೆಟ್ಟಿಗೆಗೆ ತಿಥಿ ಮಾಡುವ ಅಗತ್ಯವಿಲ್ಲ. ತೂಕಕ್ಕೆ ಹಾಕಿ.
– ನಿವೃತ್ತ ಮುಖ್ಯೋಪಾಧ್ಯಾಯ, ಕೊಪ್ಪ

ಈ ಸಿಟ್ಟಿನ ಹಿಂದೆ ಎಷ್ಟೋ ಮನೆಗಳ ಅನುಭವವಿದೆ, ಒಪ್ಪುತ್ತೇವೆ. ಇದೇ ಅಭಿಪ್ರಾಯದ ಇನ್ನೂ ನಾಲ್ಕು ಪತ್ರಗಳಿದ್ದವು, ಜಾಗ ಸಾಲಲಿಲ್ಲ.

ಮೊಬೈಲ್ ಬಂದು ಅಂಗಡಿ ಕೆಟ್ಟಿತು ಎಂದು ಬರೆದಿದ್ದೀರಿ. ಮೊಬೈಲ್ ಬಂದದ್ದು ಕೊನೆಗೆ. ಶಿವಮೊಗ್ಗದಲ್ಲಿ ನಾನು ಕಣ್ಣಾರೆ ಕಂಡಂತೆ, ಮೊದಲು ಟಿವಿಗೆ ಸಿಕ್ಕಿಸುವ ಕ್ಯಾಸೆಟ್ಟಿನ ಗೇಮ್ ಮನೆಮನೆಗೆ ಬಂತು, ಆಮೇಲೆ ಸೈಬರ್ ಕೆಫೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗುವ ಹೊತ್ತಿಗೆ ದುರ್ಗಿಗುಡಿಯಲ್ಲಿ ನಾನು ಹೋಗುತ್ತಿದ್ದ ಪಾರ್ಲರ್ ಬೇಕರಿಯಾಗಿ ವರ್ಷಗಳೇ ಕಳೆದಿದ್ದವು. ಜಪಾನಿನ ಸೆಗಾ ಕಂಪನಿಯೇ 2020ರ ಕೊನೆಯಲ್ಲಿ ತನ್ನ ಆರ್ಕೇಡ್ (ಗೇಮ್ ಪಾರ್ಲರ್) ಅಂಗಡಿಗಳ ವ್ಯವಹಾರದ ಬಹುಪಾಲನ್ನು ಮಾರಿತು. 2022ರಲ್ಲಿ ಉಳಿದದ್ದನ್ನೂ ಕೊಟ್ಟು ಅಂಗಡಿಗಳಿಂದ ತನ್ನ ಹೆಸರು ತೆಗೆಸಿತು. ಅಂಥ ದೊಡ್ಡ ಕುಳವೇ ಕೈಯೆತ್ತಿದ ಮೇಲೆ ನೀವು ನಿಮ್ಮನ್ನು ಹಳಿದುಕೊಳ್ಳುವುದೇಕೆ?
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ನಾನು ಬರೆಯುತ್ತಿರುವುದು ಅವರಿಗಲ್ಲ, ಅವರ ಮನೆಯವರಿಗೆ. ಅಮ್ಮಾ, ಇಡೀ ಪತ್ರದಲ್ಲಿ ನಿಮ್ಮ ಬಗ್ಗೆ ಇರುವುದು ಅರ್ಧ ಸಾಲು. ನಮ್ಮವರು ಓಡದ ಅಂಬಾಸಿಡರ್ ಕಾರನ್ನು ಹನ್ನೊಂದು ವರ್ಷದಿಂದ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದಾರೆ. ಹಸು ಹೊರಗಿದೆ. ಈಗಲೇ ಗಟ್ಟಿಯಾಗಿ ಮಾತನಾಡಿ.
– ಗೃಹಿಣಿ, ಹೊಸನಗರ

ಮುಂದಿನ ಪತ್ರ ಯಾರೂ ಕೇಳದ ಪ್ರಶ್ನೆಗೆ ಉತ್ತರ. ಆದರೂ ಕತ್ತರಿಸಿ ಇಟ್ಟುಕೊಳ್ಳುವಂತಿದೆ.

ಯಂತ್ರ ಕೆಟ್ಟಿದೆಯೋ ಓಡುತ್ತಿದೆಯೋ ನೀವು ಬರೆದಿಲ್ಲ. ಮೊದಲು ಬೋರ್ಡ್ ನೋಡಿ. 1985ರಿಂದ ಬಳಕೆಗೆ ಬಂದ ‘ಜಮ್ಮಾ’ ಎಂಬ 56 ಪಿನ್ನಿನ ಜೋಡಣೆ ಇದ್ದರೆ, ಬೋರ್ಡ್ ಬದಲಿಸಿ ಅದೇ ಪೆಟ್ಟಿಗೆಯಲ್ಲಿ ಬೇರೆ ಆಟ ಆಡಿಸಬಹುದು. ಕ್ಯಾಪ್‌ಕಾಮ್‌ನ ಕೆಲವು ಅಸಲಿ ಬೋರ್ಡುಗಳಲ್ಲಿ ಸಣ್ಣ ಬ್ಯಾಟರಿಯೊಂದು ಇರುತ್ತದೆ. ಅದು ಸತ್ತರೆ ಆಟದ ಬೀಗ ತೆಗೆಯುವ ಸಂಕೇತ ಅಳಿಸಿಹೋಗಿ ಬೋರ್ಡ್ ಎದ್ದೇಳುವುದೇ ಇಲ್ಲ. ಮಲೆನಾಡಿನ ಮಳೆಗೆ, ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಇಎಚ್‌ಟಿ ಒದ್ದೆಯಾಗಿ ಚಟಪಟ ಎನ್ನುತ್ತದೆ. ನಾನು ಪೆಟ್ಟಿಗೆಯೊಳಗೆ ನಲವತ್ತು ವ್ಯಾಟಿನ ಬಲ್ಬೊಂದನ್ನು ರಾತ್ರಿಯಿಡೀ ಉರಿಸಿಡುತ್ತಿದ್ದೆ. ಕೊಡುವುದೇ ಆದರೂ ಪಿಕ್ಚರ್ ಟ್ಯೂಬನ್ನು ಗುಜರಿಯವನ ಕೈಗೆ ಕೊಡಬೇಡಿ. ತಾಮ್ರದ ಸುರುಳಿಯ ಆಸೆಗೆ ಒಡೆಯುತ್ತಾರೆ, ಆ ಗಾಜಿನಲ್ಲಿ ಸೀಸ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಕರೆಂಟು ಉಳಿದಿರುತ್ತದೆ, ಗೊತ್ತಿಲ್ಲದವರು ಕೈ ಹಾಕಬಾರದು. ನಿಮ್ಮ ಮಗನಿಗೆ ಮೊಬೈಲ್ ಬಿಚ್ಚಲು ಬರುವುದಾದರೆ ಇದನ್ನೂ ಕಲಿಯಬಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಬರುತ್ತೇನೆ, ಬಸ್ ಚಾರ್ಜ್ ಕೊಟ್ಟರೆ ಸಾಕು.
– ಟಿವಿ ಮೆಕ್ಯಾನಿಕ್, ಭದ್ರಾವತಿ

ಮಗನ ಕೌಂಟರಿಗೆ ಎಷ್ಟು ಅಡಿ ಜಾಗ ಬೇಕು ಎಂಬುದನ್ನು ಅಳೆದು ನೋಡಿದ್ದೀರಾ ಎಂದು ಪತ್ರ ಬರೆದವರನ್ನು ನಾವು ಕೇಳಿದೆವು. ಅಳೆದಿಲ್ಲವಂತೆ. ಕೊನೆಯದು ಒಂದು ಅಂಚೆ ಕಾರ್ಡ್:

ಸರ್, ನಾನು ಒಂಬತ್ತನೇ ತರಗತಿ. ನಿಮ್ಮ ಅಂಗಡಿ ಭಾನುವಾರ ತೆರೆದಿರುತ್ತದೆಯೇ? ಒಂದು ಆಟಕ್ಕೆ ಎಷ್ಟು? ಒಂದು ರೂಪಾಯಿ ನಾಣ್ಯ ನಡೆಯುತ್ತದೆಯೇ?
– ಆನಂದಪುರ

ಇದನ್ನೂ ವಿಚಾರಿಸಿದೆವು. ಭಾನುವಾರ ಮಧ್ಯಾಹ್ನದ ಮೇಲೆ ತೆರೆದಿರುತ್ತದೆ. ಹಳೆಯ ದೊಡ್ಡ ನಾಣ್ಯವಾದರೆ ನಡೆಯುತ್ತದೆ. 2011ರ ಮೇಲಿನ ಸಣ್ಣದು ನಿಲ್ಲದೆ ಸೀದಾ ಕೆಳಗೆ ಉದುರುತ್ತದಂತೆ. ತೀರ್ಥಹಳ್ಳಿಯ ಪತ್ರವನ್ನು ಅವರಿಗೆ ತಲುಪಿಸಿದ್ದೇವೆ.
– ಸಂ.