ತುರ್ತು: ‘ರಿಗ್ರೆಶನ್ ಟೆಸ್ಟಿಂಗ್’ಗೆ ಕನ್ನಡ?

ನಮಸ್ಕಾರ. ಹೊಸ ತಂತ್ರಾಂಶ ಟೆಸ್ಟರ್‌ಗಳಿಗೆ ಮಾಡುತ್ತಿರುವ ಕನ್ನಡ ಕೈಪಿಡಿ ಸೋಮವಾರ ಅಚ್ಚಿಗೆ ಹೋಗಬೇಕು, ಈ ಒಂದು ಪದಕ್ಕೆ ನಿಂತಿದೆ. ‘ಮರುಪರೀಕ್ಷೆ’ ಆಗದು, ಸರಿಪಡಿಸಿದ ದೋಷವನ್ನೇ ಮತ್ತೆ ನೋಡುವುದಕ್ಕೆ ಅದನ್ನು ಬಳಸಿಬಿಟ್ಟಿದ್ದೇವೆ. ಇದು ಬೇರೆ. ಕಳೆದ ಸ್ಪ್ರಿಂಟ್‌ನಲ್ಲಿ (ಎರಡು ವಾರದ ಕೆಲಸದ ಸುತ್ತು) ರಸೀದಿಯ ಅರ್ಕಾವತ್ತು ಸರಿಮಾಡಿದೆವು, ಅಲ್ಲಿಯವರೆಗೆ ನೆಟ್ಟಗಿದ್ದ ಹುಡುಕಾಟ ಮಲಗಿತು. ‘ಕೀರ್ತಿ’ ಅಂತ ಹಾಕಿದರೆ ಆ ಹೆಸರಿನವರು ಯಾರೂ ಇಲ್ಲವಂತೆ! ಹೀಗೆ ಕೆಟ್ಟದ್ದನ್ನು ಹಿಡಿಯುವ ಪರೀಕ್ಷೆ.

---

ಹಿಂಜರಿತ ಪರೀಕ್ಷೆ. ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ.

---

> ಹಿಂಜರಿತ

ಅದು ರಿಸೆಶನ್ ಸ್ವಾಮಿ. ಲ್ಯಾಟಿನ್ನಿನ ‘ರೆಗ್ರೆಸ್ಸುಸ್’ ಅಂದರೆ ಹಿಂದಕ್ಕೆ ನಡೆದದ್ದು. ನಮ್ಮ ‘ಹಿನ್ನಡೆ’ ಅಕ್ಷರಶಃ ಅದೇ. ಮತ ಎಣಿಕೆಯ ದಿನ ಊರಿಗೆಲ್ಲ ಅರ್ಥವಾಗುವ ಮಾತು. ‘ಹಿನ್ನಡೆ ಪರೀಕ್ಷೆ’ ಅನ್ನಿ.

---

ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಅರಿಸಮಾಸ. ಬೇಡ. ‘ಹಿನ್ನಡೆಯೊರೆ’ ಸಾಕು. ಚಿನ್ನವನ್ನು ಒರೆಗೆ ಹಚ್ಚುತ್ತಿದ್ದ ನಾಡಿಗೆ ‘ಪರೀಕ್ಷೆ’ಯ ಸಾಲ ಏಕೆ? ಸ್ಪ್ರಿಂಟ್‌ಗೂ ‘ಓಟ’ ಅನ್ನಬಹುದಿತ್ತು.

---

ಒರೆಗಲ್ಲಿಗೆ ಚಿನ್ನ ಒಂದು ಸಲ ಉಜ್ಜಿದರೆ ಮುಗಿಯಿತು. ಇಲ್ಲಿ ಅದೇ ಒಡವೆಯನ್ನು ಎರಡು ವಾರಕ್ಕೊಮ್ಮೆ ಉಜ್ಜಬೇಕು. ಅರಿಸಮಾಸವನ್ನು ಬಿರುದಾವಳಿಯಲ್ಲಿ ವೈಯಾಕರಣ ಕೇಶಿರಾಜನೇ ಒಪ್ಪಿದ್ದಾನೆ. ತಾವು ಜೇಬಿನ ನೋಟಿನ ‘ಮುಖಬೆಲೆ’ಯನ್ನೂ ಬಿಡುತ್ತೀರೋ?

‘ಓಟ’ದ ವಿಚಾರಕ್ಕೆ ಬಂದರೆ, 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ತಂತ್ರಾಂಶವನ್ನು ಸಣ್ಣ ಸಣ್ಣ ಸುತ್ತಿನಲ್ಲಿ ಕಟ್ಟುವ ‘ಅಜೈಲ್’ ಪದ್ಧತಿಯ ಪ್ರಣಾಳಿಕೆ ಬರೆದಾಗ, ಉದ್ದುದ್ದ ದಾಖಲೆಗಿಂತ ಕೆಲಸ ಮಾಡುವ ತಂತ್ರಾಂಶವೇ ಮೇಲು ಅಂದರು. ಸರಿಯೇ. ಆದರೆ ಪ್ರತಿ ಸ್ಪ್ರಿಂಟ್‌ಗೂ ನೋಡಬೇಕಾದ ಹಳೆಯದರ ರಾಶಿ ಬೆಳೆಯುತ್ತದೆ, ಸ್ಪ್ರಿಂಟ್ ಮಾತ್ರ ಅದೇ ಎರಡು ವಾರ. ಆ ರಾಶಿಯನ್ನು ಯಂತ್ರಕ್ಕೆ ವಹಿಸದ ತಂಡದಲ್ಲಿ ಕೊನೆಯ ಸಂಜೆ ಒಬ್ಬರು ‘ಅದನ್ನ ಮುಟ್ಟೇ ಇಲ್ಲ, ಬಿಡಿ’ ಅಂತಾರೆ. ಕೀರ್ತಿ ಕಾಣೆಯಾಗುವುದು ಆಗಲೇ.

---

ಕೇಳಿದ್ದು ಪದ, ಪುರಾಣವಲ್ಲ. ಸ್ಪ್ರಿಂಟ್, ಸ್ಟೋರಿ, ಬ್ಯಾಕ್‌ಲಾಗ್ ಎಲ್ಲ ಹಾಗೇ ನುಂಗಿದವರಿಗೆ ಇದೊಂದಕ್ಕೆ ಕನ್ನಡ ಏಕೋ!

---

‘ಹಿನ್ನಡೆ ಪರೀಕ್ಷೆ’ ಹಾಕಿದೆ. ಪಕ್ಕದ ಟೆಸ್ಟರ್ ಓದಿ, “ಓ, ರಿಗ್ರೆಶನ್ನಾ?” ಅಂದಳು. ನನಗೆ ಅಷ್ಟು ಸಾಕು. ಈಗ ಬ್ಯಾಕ್‌ಲಾಗ್, ಅಂದರೆ ಇನ್ನೂ ಮಾಡಬೇಕಾದ ಕೆಲಸಗಳ ಪಟ್ಟಿ. ‘ಬಾಕಿಪಟ್ಟಿ’ ನಡೆದೀತೇ? ‘ಬಾಕಿ’ ಅರಬ್ಬಿ ಮೂಲದ್ದೆಂದು ಬಲ್ಲೆ. ಜಗಳ ಭಾನುವಾರ ರಾತ್ರಿಯೊಳಗೆ ಮುಗಿಸಿಕೊಡಿ.